ನೀರು ನಮ್ಮದು, ಗುಳ್ಳೆ ನಿಮ್ಮದು

ವರ್ಷಗಟ್ಟಲೆ ಕಣ್ಣು ಕೆಂಪಗೆ ಮಾಡಿಕೊಂಡು ನಾನು ಮಾಡಿದ ಸಂಶೋಧನೆ ನಮ್ಮ ನೆಂಟರಿಷ್ಟರ ಬಾಯಲ್ಲಿ ಎಕ್ಕುಟ್ಟಿ ಹೋಗಿದ್ದು ಒಂದೇ ಒಂದು ವಿಭಕ್ತಿ ಪ್ರತ್ಯಯದಿಂದ. ಅದೂ ತೆಲುಗಿನ ಪ್ರತ್ಯಯ. ಹಾಕಿದವಳು ಯಾರೋ ಆಗದವಳಲ್ಲ, ನನ್ನ ಹೆತ್ತ ತಾಯಿ.

ಆಗಿದ್ದು ಇಷ್ಟು. ನಾನಿನ್ನೂ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕಾಲ. ರಜೆಗೆ ಊರಿಗೆ ಬಂದಿದ್ದೆ. ನಮ್ಮೂರು ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗೋ ದಾರಿಯಲ್ಲಿದೆ, ಸುತ್ತ ಮಾವಿನ ತೋಪು. ಅಮ್ಮ ಮುದ್ದೆ ತಿರುವುತ್ತಾ, ‘ಅಲ್ವೇ, ನೀನು ಅಲ್ಲಿ ಓದ್ತಿರೋದಾದ್ರೂ ಏನು? ಕೇಳಿದೋರಿಗೆ ನಾನು ಏನಂತ ಹೇಳಲಿ?’ ಅಂದಳು. ಪುಸ್ತಕದಲ್ಲಿ ‘ಲಿಪಿಡ್ ಕೋಶಿಕೆ’ ಅಂತ ಬರೆಯುತ್ತಾರೆ. ಅದನ್ನು ಅಮ್ಮನ ಮುಂದೆ ಅಂದರೆ ಮುದ್ದೆ ಕೋಲು ನನ್ನ ಕಡೆ ತಿರುಗುತ್ತೆ. ಅದಕ್ಕೇ ಬಿಡಿಸಿ ಹೇಳಿದೆ: ‘ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳು ನೀರೊಳಗೆ ಗೋಡೆ ಹತ್ತಿರ ಹೇಗೆ ಓಡಾಡ್ತವೆ ಅಂತ ನೋಡೋದಮ್ಮ.’

ಅಮ್ಮ ತಲೆ ಆಡಿಸಿದಳು. ನನಗೆ ಹೆಮ್ಮೆ. ಇಷ್ಟು ಕಷ್ಟದ್ದನ್ನು ಇಷ್ಟು ಸುಲಭವಾಗಿ ಹೇಳಿದೆನಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಮ್ಮನ ತವರು ಮದನಪಲ್ಲಿ ಕಡೆ. ನಮ್ಮ ಜೊತೆ ಕನ್ನಡ, ಅವಳ ಅಕ್ಕತಂಗಿಯರ ಜೊತೆ ತೆಲುಗು. ಅದೇ ಸಂಜೆ ಫೋನಿನಲ್ಲಿ ಅವಳ ಅಕ್ಕನಿಗೆ ಹೇಳುತ್ತಿದ್ದಳು: ‘ಮಾ ಪಾಪ ಗೋಡಕಿ ಬೊಬ್ಬಲು ಎಂದುಕೊಸ್ತಾಯೋ ದಾನ್ಮೀದ ಚದುವುತೋಂದಿ.’ ಅಂದರೆ, ಗೋಡೆಗೆ ಗುಳ್ಳೆ ಯಾಕೆ ಬರುತ್ತೆ ಅನ್ನೋದರ ಮೇಲೆ ನಮ್ಮ ಹುಡುಗಿ ಓದುತ್ತಿದ್ದಾಳೆ! ನಾನು ಹೇಳಿದ್ದು ಗೋಡೆ ಹತ್ತಿರ. ಅವಳು ಹೇಳಿದ್ದು ಗೋಡೆಗೆ. ‘ಹತ್ತಿರ’ ಹೋಯಿತು, ‘ಕಿ’ ಬಂತು. ಗೋಡೆ, ಗುಳ್ಳೆ ಎರಡೂ ಇದ್ದವಲ್ಲ, ಕೇಳಿದವರಿಗೆ ಅನುಮಾನ ಬರುವುದಕ್ಕೆ ಜಾಗವೇ ಇರಲಿಲ್ಲ. ಅವತ್ತಿನಿಂದ ಗೌನಿಪಲ್ಲಿಯಿಂದ ಮದನಪಲ್ಲಿವರೆಗೆ ನಮ್ಮ ಬಳಗದಲ್ಲೆಲ್ಲ ನಾನು ಸೋರುವ ಗೋಡೆಗಳ ಡಾಕ್ಟರು.

ಅಪ್ಪ ಮಾತ್ರ ಬೇರೆ ರೀತಿ ತಲೆ ತಿಂದರು. ‘ಕೊಬ್ಬಿನ ಬಗ್ಗೆ ಓದೋಕೆ ಬೆಂಗಳೂರಿಗ್ಯಾಕೆ ಹೋದೆ? ಮನೇಲಿದ್ದಾಗಲೇ ಬೇಕಾದಷ್ಟಿತ್ತಲ್ಲ ನಿಂಗೆ’ ಅಂದರು. ನಮ್ಮ ಅಪ್ಪ ಹೊಗಳುವುದು ಹೀಗೇ.

ನಾನು ನಿಜವಾಗಿ ಮಾಡುತ್ತಿದ್ದದ್ದು ಏನು ಅಂತ ನಿಮಗಾದರೂ ಹೇಳಿಬಿಡುತ್ತೇನೆ. ಒಂದು ಗಾಜಿನ ಮೇಲೆ ಕೊಬ್ಬಿನಂಥ ಪದಾರ್ಥವನ್ನು ತೆಳ್ಳಗೆ ಹಚ್ಚಿ ಒಣಗಿಸಿ, ಆಮೇಲೆ ಸಕ್ಕರೆ ನೀರು ಬಿಟ್ಟರೆ, ಅದು ತಾನಾಗಿಯೇ ಪದರ ಬಿಚ್ಚಿಕೊಂಡು ಉಬ್ಬಿ ಗುಳ್ಳೆಗಳಾಗುತ್ತೆ. ಯಾರೂ ಊದಬೇಕಾಗಿಲ್ಲ. ಸೋಪಿನ ಗುಳ್ಳೆಯೊಳಗೆ ಗಾಳಿ, ಇದರೊಳಗೆ ನೀರು. ಹೊರಗೂ ನೀರು. ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಚರ್ಮ. ನಮ್ಮ ಮೈಯಲ್ಲಿರೋ ಜೀವಕೋಶದ ಹೊದಿಕೆಯೂ ಸುಮಾರಾಗಿ ಇದೇ ಜಾತಿ. ಅದಕ್ಕೇ ಇದರ ಹಿಂದೆ ಜಗತ್ತಿನಲ್ಲಿ ಅಷ್ಟೊಂದು ಜನ ಬಿದ್ದಿರೋದು. ರಕ್ತನಾಳದ ಗೋಡೆ ಪಕ್ಕದಲ್ಲಿ ಇಂಥವು ಹೇಗೆ ಸಾಗುತ್ತವೆ, ಯಾವಾಗ ಗೋಡೆ ಬಿಟ್ಟು ದೂರ ಹೋಗುತ್ತವೆ ಅನ್ನುವುದು ಗೊತ್ತಾದರೆ, ಔಷಧಿಯನ್ನು ಇದರೊಳಗೆ ತುಂಬಿ ಕಳಿಸುವವರಿಗೆ ಅನುಕೂಲ.

ಗುಳ್ಳೆ ಒಳಗಿನ ಸಕ್ಕರೆ ನೀರು ಸ್ವಲ್ಪ ಭಾರ ಇರುವ ಹಾಗೆ ಮಾಡಿದರೆ ಅದು ನಿಧಾನಕ್ಕೆ ತಳಕ್ಕೆ ಇಳಿದು ಗಾಜಿನ ಪಕ್ಕ ಕೂರುತ್ತೆ. ಆಗ ಪಂಪಿನಿಂದ ಮೆಲ್ಲಗೆ ನೀರು ಹರಿಸಬೇಕು. ನಮ್ಮ ಪೂರ್ತಿ ಆಟ ಇರುವುದು ಅಲ್ಲೇ. ಗಾಜಿಗೆ ಅಂಟಿದ ನೀರು ನಿಂತೇ ಇರುತ್ತೆ, ಮೇಲಮೇಲಕ್ಕೆ ಹೋದಷ್ಟೂ ಜೋರಾಗಿ ಓಡುತ್ತೆ. ನಡುವೆ ಸಿಕ್ಕಿಕೊಂಡ ಗುಳ್ಳೆಗೆ ಮೇಲುಗಡೆ ಒಂದು ಎಳೆತ, ಕೆಳಗಡೆ ಇನ್ನೊಂದು. ಬಿಮ್ಮಗೆ ಉಬ್ಬಿಕೊಂಡ ದುಂಡನೆ ಗುಳ್ಳೆ ಏನು ಮಾಡುತ್ತೆ ಅಂದರೆ, ಗೋಡೆ ಪಕ್ಕದಲ್ಲೇ ಉರುಳಿಕೊಂಡು ಹೋಗುತ್ತೆ, ಮೇಲೆ ಏಳಲ್ಲ. ಸ್ವಲ್ಪ ನೀರು ಬಿಟ್ಟು ಸಡಿಲವಾದ ಗುಳ್ಳೆ ಇದೆಯಲ್ಲ, ಅದು ಉದ್ದಕ್ಕೆ ಚಾಚಿ, ಮೂತಿ ಮೇಲೆತ್ತಿ ಓರೆಯಾಗುತ್ತೆ. ಮೈ ಓರೆ ನಿಂತಿದ್ದ ಹಾಗೇ ಅದರ ಚರ್ಮ ಮಾತ್ರ ಬುಲ್ಡೋಜರಿನ ಚೈನು ಸುತ್ತೋ ಹಾಗೆ ಸುತ್ತುತ್ತೆ. ನೀರಿನ ಓಟ ಜೋರಾದಂತೆ ಅದು ಗೋಡೆ ಬಿಟ್ಟು ಮೇಲಕ್ಕೆ ತೇಲುತ್ತೆ. ಅದನ್ನು ಮೊದಲ ಸಲ ಕಣ್ಣಾರೆ ಕಂಡ ದಿನ ನಾನು ಲ್ಯಾಬಿನಲ್ಲಿ ‘ಎದ್ದಿತು ಕಣ್ರೋ, ಎದ್ದೇಬಿಟ್ಟಿತು!’ ಅಂತ ಕಿರುಚಿದ್ದೆ. ಪಕ್ಕದ ಲ್ಯಾಬಿನವರು ಹಾವೇ ಬಂತೇನೋ ಅಂತ ಬಾಗಿಲು ಹಾಕಿಕೊಂಡರು.

ಆದರೆ ಅಲ್ಲಿಗೆ ಬರುವ ಮುಂಚೆ ಆ ದರಿದ್ರ ಗುಳ್ಳೆಗಳು ನನ್ನ ಪ್ರಾಣ ತಿಂದವು. ಬರಿ ಗಾಜಿಗೆ ಬಿಟ್ಟರೆ ಓಡಾಡುವ ಮಾತೇ ಇಲ್ಲ. ಹೋಗಿ ಗಾಜಿಗೆ ಅಂಟಿಕೊಳ್ಳುತ್ತಿದ್ದವು, ಅಂಟಿ ಚಪ್ಪಟೆಯಾಗಿ ಒಡೆದು ಹರಡಿಬಿಡುತ್ತಿದ್ದವು. ಕೊನೆಗೆ ನಮ್ಮ ಗೈಡು, ಗಾಜಿಗೆ ಮೊದಲು ಹಾಲಿನ ಪ್ರೋಟೀನು ಲೇಪಿಸು, ಆಗ ಅಂಟಲ್ಲ ಅಂದರು. ಲೇಪಿಸಿದೆ. ಅಂಟಲಿಲ್ಲ. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ‘ಏನೇ, ಗೋಡೆಗೆ ಹಾಲಲ್ಲಿ ಅಭಿಷೇಕ ಮಾಡ್ತೀಯಾ? ಇಲ್ಲಿ ಡೈರಿಗೆ ಹಾಕೋಕೆ ಹಾಲಿಲ್ಲ’ ಅಂತ ಅಮ್ಮ ಬೈದಳು.

ಮೊದಮೊದಲು ನಾನು ಎಲ್ಲರಿಗೂ ತಿದ್ದಿ ಹೇಳುತ್ತಿದ್ದೆ. ‘ಅತ್ತೆ, ಆ ಗೋಡೆ ಅಲ್ಲ, ಬೇರೆ ಗೋಡೆ.’ ಮುಳಬಾಗಿಲಿನ ಅತ್ತೆ ಪೂರ್ತಿ ಕೇಳಿಸಿಕೊಂಡು, ‘ಸರಿ ಕಣಮ್ಮ, ಬೇರೆ ಗೋಡೇನೇ ಇರ್ಲಿ. ನಮ್ಮ ಸ್ಟೋರ್ ರೂಮಿನ ಗೋಡೆಗೆ ಏನು ಬಳೀಬೇಕು ಹೇಳು’ ಅಂದರು. ಡಿಗ್ರಿ ಮುಗಿದು ಕೋಲಾರದ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೇಲಂತೂ ನಾನು ತಿದ್ದುವುದನ್ನೇ ಬಿಟ್ಟೆ. ಯಾರದೋ ಟ್ಯಾಂಕು, ಯಾರದೋ ತಾರಸಿ, ಎಲ್ಲದಕ್ಕೂ ‘ಬಿಸಿಲು ಬೀಳೋ ಹಾಗೆ ನೋಡ್ಕೊಳ್ಳಿ’ ಅಂದುಬಿಡುತ್ತಿದ್ದೆ. ಒಬ್ಬರಿಬ್ಬರಿಗೆ ಗುಣವೂ ಆಯಿತಂತೆ.

ಇಷ್ಟಾದ ಮೇಲೆ ನಮ್ಮ ಮನೆಯ ಗೋಡೆಗೇ ಗುಳ್ಳೆ ಬಂತು.

ನಮ್ಮ ಮನೆ ಅಂದರೆ ಹಳೇ ಮಣ್ಣಿನ ಗೋಡೆಯ ಮನೆ, ಅಪ್ಪನಿಗೂ ಚಿಕ್ಕಪ್ಪನಿಗೂ ಭಾಗವಾಗಿ ಎರಡಾಗಿದೆ. ನಡುವಿನ ಗೋಡೆ ಒಂದೇ. ಗೋಡೆಯ ಈಚೆ ನಮ್ಮ ಬಚ್ಚಲು, ಆಚೆ ಚಿಕ್ಕಪ್ಪನ ನಡುಮನೆ, ಅವರ ಬಾಯಲ್ಲಿ ಹಾಲು. ಚಿಕ್ಕಪ್ಪನ ಮಗಳಿಗೆ, ಅಂದರೆ ನನ್ನ ತಂಗಿಗೆ, ಮಾಲೂರು ಕಡೆಯ ಹುಡುಗ ಗೊತ್ತಾದ. ನಿಶ್ಚಿತಾರ್ಥ ಮನೆಯಲ್ಲೇ ಅಂತ ಚಿಕ್ಕಪ್ಪ ಹಾಲಿನ ಗೋಡೆಗೆಲ್ಲ ಹೊಳೆಹೊಳೆಯುವ ಪೇಂಟು ಹೊಡೆಸಿದರು. ಮುಳಬಾಗಿಲಿನ ಅಂಗಡಿಯಲ್ಲಿ ಚಿಕ್ಕಮ್ಮ ಅರ್ಧ ದಿನ ಕೂತು ಆರಿಸಿದ ಪಿಸ್ತಾ ಹಸಿರು. ತಿಂಗಳು ಕಳೆಯುವುದರೊಳಗೆ ಆ ಹಸಿರಿನ ಮೇಲೆ ಗುಳ್ಳೆಗಳೆದ್ದವು. ಸಣ್ಣ ಪುಟ್ಟವಲ್ಲ, ಪೂರಿ ಉಬ್ಬಿದ ಹಾಗೆ.

‘ನಿಮ್ಮ ಬಚ್ಚಲ ನೀರು ಇಳೀತಿದೆ’ ಅಂದರು ಚಿಕ್ಕಪ್ಪ.

‘ನಮ್ಮ ಬಚ್ಚಲು ಇವತ್ತು ನಿನ್ನೇದಲ್ಲ. ಇಷ್ಟು ವರ್ಷ ಇಳೀದಿರೋ ನೀರು ಈಗ ಇಳೀತಾ? ನಿನ್ನ ಪೇಂಟು ಡೂಪ್ಲಿಕೇಟು’ ಅಂದರು ಅಪ್ಪ.

ಅಷ್ಟೇ. ಅಣ್ಣ ತಮ್ಮ ಮಾತು ಬಿಟ್ಟರು. ಮಾತು ಬಿಟ್ಟರು ಅಂದರೆ ಸುಮ್ಮನಾದರು ಅಂತಲ್ಲ, ನಮ್ಮ ಮನೆಯಲ್ಲಿ ಸುಮ್ಮನಿರುವ ಪದ್ಧತಿ ಇಲ್ಲ. ಅಪ್ಪ ಹಸುವಿನ ಮುಂದೆ ನಿಂತು, ಆಚೆ ಮನೆಗೆ ಕೇಳುವಷ್ಟು ಜೋರಾಗಿ, ‘ನೋಡಮ್ಮ, ಕೆಲವರಿಗೆ ಅಣ್ಣ ಸ್ನಾನ ಮಾಡೋದೂ ಕಣ್ಣಿಗೆ ಚುಚ್ಚುತ್ತೆ’ ಅನ್ನುವರು. ಆಚೆಯಿಂದ ಚಿಕ್ಕಪ್ಪ ಅವರ ನಾಯಿಗೆ, ‘ಹೂಂ ಕಣೋ, ಸ್ನಾನ ಮಾಡ್ಲಿ, ಯಾರು ಬೇಡ ಅಂದ್ರು? ನೀರು ಅವರ ಮನೇಲೇ ಇಟ್ಕೊಳ್ಳೋಕೆ ಹೇಳು’ ಅನ್ನುವರು. ಹಸು ಮೇಯುತ್ತಿತ್ತು, ನಾಯಿ ಬಾಲ ಆಡಿಸುತ್ತಿತ್ತು. ಇಡೀ ಬೀದಿಗೆ ಬಿಟ್ಟಿ ಮನರಂಜನೆ.

ನಗುವ ವಿಷಯ ಅಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ನಮ್ಮಲ್ಲಿ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಕೊಡುವ ತಾಂಬೂಲದ ತಟ್ಟೆ ತೆಗೆದುಕೊಳ್ಳಬೇಕಾದ್ದು ಮನೆಗೆ ಹಿರಿಯರು. ತಾತ ಹೋದ ಮೇಲೆ ಆ ಹಿರಿಯರು ಅಂದರೆ ನಮ್ಮ ಅಪ್ಪ. ಹುಡುಗಿಯ ದೊಡ್ಡಪ್ಪ ಪಕ್ಕದ ಮನೆಯಲ್ಲೇ ಇದ್ದೂ ಬರಲಿಲ್ಲ ಅಂದರೆ ಬಂದ ಬೀಗರು ಏನಂದುಕೊಳ್ಳುತ್ತಾರೆ? ಈ ಮನೆಯವರಲ್ಲೇ ಹೊಂದಾಣಿಕೆ ಇಲ್ಲ, ಇವರ ಮಗಳು ನಮ್ಮ ಮನೆಗೆ ಬಂದು ಏನು ಹೊಂದಿಕೊಳ್ಳುತ್ತಾಳೆ ಅನ್ನಲ್ವಾ? ಎದ್ದು ಹೋದರೂ ಹೋದರೇ. ತಂಗಿಗೆ ಆ ಹುಡುಗ ಬಹಳ ಇಷ್ಟವಾಗಿದ್ದ. ಅವನ ಹೆಸರೆತ್ತಿದರೆ ಸಾಕು, ಅವಳ ಫೋನಿನ ಧ್ವನಿಯೇ ಬದಲಾಗುತ್ತಿತ್ತು.

ಅವಳೇ ನನಗೆ ಫೋನ್ ಮಾಡಿದಳು. ‘ಅಕ್ಕಾ, ಬಾರೇ. ನಮ್ಮಪ್ಪನೂ ಒಪ್ಪಿದ್ದಾರೆ, ದೊಡ್ಡಪ್ಪನೂ ಒಪ್ಪಿದ್ದಾರೆ. ನೀನು ನೋಡಿ ಹೇಳಿದ ಹಾಗೆ ಇಬ್ಬರೂ ಕೇಳ್ತಾರಂತೆ. ನೀನು ಓದಿರೋದೇ ಅದಲ್ವಾ!’

‘ಲೇ, ನಾನು ಓದಿರೋದು ಅದಲ್ಲ ಕಣೇ…’

‘ಅಕ್ಕಾ, ಪ್ಲೀಸ್, ಈಗ ಅದೆಲ್ಲ ಶುರು ಮಾಡ್ಬೇಡ.’

ನನ್ನ ತೀರ್ಪಿಗೆ ಇಬ್ಬರೂ ಯಾಕೆ ಒಪ್ಪಿದರು ಅನ್ನೋದು ನನಗೆ ಗೊತ್ತಿತ್ತು. ಮಗಳು ನನ್ನ ಕಡೆಯೇ ಹೇಳೋದು ಅಂತ ಅಪ್ಪನ ಧೈರ್ಯ. ಹೈಸ್ಕೂಲಿಗೆ ದಿನಾ ನನ್ನ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಬಿಟ್ಟಿದ್ದೀನಿ, ಆ ಋಣ ಎಲ್ಲಿ ಹೋಗುತ್ತೆ ಅಂತ ಚಿಕ್ಕಪ್ಪನ ಧೈರ್ಯ. ನನಗೊಬ್ಬಳಿಗೇ ಧೈರ್ಯ ಇರಲಿಲ್ಲ.

ಭಾನುವಾರ ಕೋಲಾರದಿಂದ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಊರಿಗೆ ಇಳಿದೆ. ಬೀದಿಯಲ್ಲಿ ಒಂದಷ್ಟು ಜನ ಸೇರಿದ್ದರು. ಚಿಕ್ಕಪ್ಪ ನನ್ನ ಬ್ಯಾಗು ನೋಡಿ, ‘ಮಿಷಿನ್ ಎಲ್ಲಮ್ಮ?’ ಅಂದರು.

‘ಯಾವ ಮಿಷಿನ್ ಚಿಕ್ಕಪ್ಪ?’

‘ಗೋಡೆಗೆ ಇಟ್ಟು ನೋಡೋದು.’

‘ಅಂಥದ್ದೇನಿಲ್ಲ. ಕೈಯಲ್ಲೇ ನೋಡ್ತೀನಿ.’

ಎಲ್ಲರ ಮುಖ ಸಣ್ಣಗಾಯಿತು. ಡಾಕ್ಟರು ಬಂದು ಸ್ಟೆತಾಸ್ಕೋಪು ಮರೆತು ಬಂದಿದ್ದೀನಿ ಅಂದಂಗಾಯಿತು. ಅವರ ನಂಬಿಕೆ ಉಳಿಸೋಣ ಅಂತಲೂ, ಇವತ್ತಾದರೂ ನಾನು ಓದಿದ್ದು ಏನು ಅಂತ ಗೊತ್ತಾಗಲಿ ಅಂತಲೂ, ಹಾಲಿನಲ್ಲಿ ಕೂತು ಫೋನು ತೆಗೆದು ನನ್ನ ಗುಳ್ಳೆಗಳ ವಿಡಿಯೋ ಹಾಕಿದೆ. ಬೂದು ಬಣ್ಣದ ಪರದೆ, ಅದರಲ್ಲಿ ಒಂದು ದುಂಡನೆ ನೆರಳು ಮೆಲ್ಲಗೆ ಸರಿಯುತ್ತಾ, ಉದ್ದವಾಗಿ, ಮೂತಿ ಎತ್ತಿ ಮೇಲೇಳುತ್ತೆ. ಚಿಕ್ಕಮ್ಮ ಹತ್ತಿರ ಬಂದು ನೋಡಿದಳು. ಆಮೇಲೆ ನನ್ನ ಹೊಟ್ಟೆ ನೋಡಿದಳು. ಅಮ್ಮನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, ‘ಅಕ್ಕಾ, ಇದು ಸ್ಕ್ಯಾನಿಂಗ್ ಅಲ್ವಾ? ಎಷ್ಟು ತಿಂಗಳಂತೆ?’ ಅಂದಳು.

‘ಅಯ್ಯೋ ನನ್ನ ಕರ್ಮವೇ! ಮದುವೇನೇ ಆಗಿಲ್ಲ ನಂಗೆ!’ ಅಂತ ಕೂಗಿದೆ.

‘ಅದಕ್ಕೇ ಮೆಲ್ಲಗೆ ಕೇಳಿದ್ದು’ ಅಂದಳು ಚಿಕ್ಕಮ್ಮ.

ಫೋನು ಒಳಗಿಟ್ಟು ಗೋಡೆ ಹತ್ತಿರ ಹೋದೆ. ಗುಳ್ಳೆಯನ್ನು ಬೆರಳಿನಿಂದ ಒತ್ತಿದರೆ ಒಳಗೆ ತಣ್ಣಗೆ ಏನೋ ಅಲುಗಾಡಿತು. ಪಿನ್ನು ಕೇಳಿ ಇಸಕೊಂಡು ಚುಚ್ಚಿದೆ. ನೀರು ಜುಳುಜುಳು ಇಳಿಯಿತು. ಹಿಂದೆ ನಿಂತಿದ್ದ ಜನ ‘ಓಹೋ’ ಅಂದರು. ಒಂದು ಮೂಲೆ ಕೆರೆದೆ, ಕೆನೆ ಎತ್ತಿದ ಹಾಗೆ ಪೇಂಟು ಎದ್ದು ಬಂತು. ಅದರ ಹಿಂದೆ ಮಣ್ಣಿನ ಗೋಡೆ ಒದ್ದೆ. ಆಮೇಲೆ ಈಚೆ ಬಂದು ನಮ್ಮ ಬಚ್ಚಲು ನೋಡಿದೆ. ಕಲ್ಲಿನ ಸಂದಿನಲ್ಲಿ ಗಾರೆ ಸವೆದು ಹೋಗಿತ್ತು, ಹಂಡೆಯ ಬುಡದಿಂದ ನೀರು ಸೀದಾ ಗೋಡೆಗೇ ಹೋಗುತ್ತಿತ್ತು. ಆದರೆ ನಮ್ಮ ಕಡೆ ಬಳಿದಿದ್ದದ್ದು ಬರೀ ಸುಣ್ಣ. ಬಂದ ನೀರು ಸುಣ್ಣದೊಳಗಿಂದ ಆರಿ ಹೋಗುತ್ತಿತ್ತು, ಬಿಳೀ ಉಪ್ಪು ಪುಡಿಯಾಗಿ ಉದುರುತ್ತಿತ್ತು, ಅಷ್ಟೇ. ಆಚೆ ಕಡೆಯೂ ಇಷ್ಟು ವರ್ಷ ಸುಣ್ಣವೇ ಇತ್ತು. ಈಗ ಪೇಂಟಿನ ಪ್ಲಾಸ್ಟಿಕ್ಕು ಗೋಡೆಯ ಬಾಯಿ ಮುಚ್ಚಿತ್ತು. ಹೊರಗೆ ಬರೋಕೆ ದಾರಿಯಿಲ್ಲದ ನೀರು ಪೇಂಟನ್ನೇ ಉಬ್ಬಿಸಿತ್ತು.

ಇದನ್ನು ತಿಳಿದುಕೊಳ್ಳೋಕೆ ಪಿಎಚ್‌ಡಿ ಬೇಕಾಗಿರಲಿಲ್ಲ. ಹೇಳೋಕೆ ಬೇಕಾಗಿತ್ತು ಅಂತ ಕಾಣುತ್ತೆ. ಎಲ್ಲರೂ ನನ್ನ ಬಾಯಿ ನೋಡುತ್ತಾ ನಿಂತಿದ್ದರು. ಅಪ್ಪ ನಮ್ಮ ಬಾಗಿಲಲ್ಲಿ, ಚಿಕ್ಕಪ್ಪ ಅವರ ಬಾಗಿಲಲ್ಲಿ.

‘ನೀರು ನಮ್ಮದು’ ಅಂದೆ.

ಚಿಕ್ಕಪ್ಪನ ಮುಖ ಅರಳಿತು.

‘ಗುಳ್ಳೆ ನಿಮ್ಮದು.’

ಮುದುಡಿತು.

ಸಮಾಧಾನವಾಗಿ ಬಿಡಿಸಿ ಹೇಳಿದೆ. ಬಚ್ಚಲಿಗೆ ಗಾರೆ ಹಾಕಿಸಬೇಕು, ಪೇಂಟು ಕೆರೆದು ಸುಣ್ಣ ಬಳಿಯಬೇಕು, ಇಬ್ಬರದೂ ಅರ್ಧರ್ಧ. ಇಷ್ಟು ನ್ಯಾಯವಾದ ತೀರ್ಪು ಆ ಬೀದಿಯಲ್ಲಿ ಯಾರೂ ಯಾವತ್ತೂ ಕೊಟ್ಟಿರಲಿಕ್ಕಿಲ್ಲ. ಅದಕ್ಕೇ ಇಬ್ಬರಿಗೂ ಹಿಡಿಸಲಿಲ್ಲ.

‘ಪಿಸ್ತಾ ಹಸಿರು ಕೆರೀಬೇಕಾ?’ ಅಂತ ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಚಿಕ್ಕಪ್ಪ, ‘ಮೊಪೆಡ್ಡಿನಲ್ಲಿ ಹೊತ್ತು ಮೆರೆಸಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದೆ ಕಣಮ್ಮ’ ಅಂತ ಒಳಗೆ ಹೋದರು. ಅಪ್ಪನಿಗೆ ಬಂದ ಸಿಟ್ಟು ಅವರಿಗಿಂತ ಜೋರು.

‘ಏನೇ, ನಂದೇ ಉಪ್ಪು ತಿಂದು, ನೀರು ನಮ್ಮದು ಅಂತ ಊರ ಮುಂದೆ ಸಾರ್ತೀಯಾ? ನಿಂಗೇನೇ ಗೊತ್ತು ಮಣ್ಣಿನ ಗೋಡೆ? ನೀನು ಓದಿದ್ದು ಗಾಜಿನ ಗೋಡೆ. ನೀರೊಳಗಿನ ಕೊಬ್ಬಿನ ಗುಳ್ಳೆ ಅದರ ಪಕ್ಕದಲ್ಲಿ ಹೆಂಗೆ ಹೋಗುತ್ತೆ ಅಂತ. ಸಡಿಲ ಇದ್ರೆ ಏಳುತ್ತೆ, ಬಿಗಿ ಇದ್ರೆ ಏಳಲ್ಲ. ಅದಕ್ಕೂ ನನ್ನ ಬಚ್ಚಲಿಗೂ ಏನೇ ಸಂಬಂಧ?’

ಇಡೀ ಬಳಗದಲ್ಲಿ ನನ್ನ ಓದನ್ನು ಅಕ್ಷರ ತಪ್ಪದೆ ಅರ್ಥ ಮಾಡಿಕೊಂಡಿದ್ದ ಒಬ್ಬರೇ ಒಬ್ಬರು ಅಪ್ಪ, ಅದನ್ನು ಹೇಳಿದ್ದು ನನ್ನನ್ನು ಬೈಯೋಕೆ. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ‘ಗೊತ್ತಿದ್ಮೇಲೆ ನನ್ನ ಯಾಕೆ ಕರೆಸಿದ್ರಿ ಹಂಗಾದ್ರೆ?’ ಅಂದೆ.

‘ಮಗಳು ಅಂತ ಕರೆಸಿದೆ’ ಅಂದರು ಅಪ್ಪ. ‘ನಾನು ಆ ಮನೆ ಹೊಸಿಲು ತುಳಿಯಲ್ಲ. ತಾಂಬೂಲ ಬೇಕಾದ್ರೆ ಆ ನಾಯೀನೇ ತಗೊಳ್ಳಲಿ.’

ತಂಗಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಚೆನ್ನಾಗಿ ಬೈದಳು. ‘ನಿನ್ನ ಓದಿಗಿಷ್ಟು ಬೆಂಕಿ ಹಾಕ! ಒಬ್ಬರದ್ದು ತಪ್ಪು ಅಂದಿದ್ರೆ ಒಬ್ಬರನ್ನ ಹೆಂಗೋ ಸಮಾಧಾನ ಮಾಡ್ತಿದ್ದೆ. ಈಗ ಇಬ್ಬರನ್ನೂ ಮಾಡಬೇಕು. ಅವರ ಮನೇಲಿ ಅವರ ತಂದೆ ತುಂಬಾ ಶಿಸ್ತು ಅಕ್ಕಾ. ಅಷ್ಟಕ್ಕೇ ಬೇಡ ಅಂದುಬಿಟ್ರೆ ನಾನೇನು ಮಾಡ್ಲಿ?’ ಅಂತ ಅತ್ತಳು. ಅವಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡೆ, ಅವಳು ಕಿತ್ತುಕೊಂಡಳು.

ಆಮೇಲಿನ ದಿನಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ನಾನು ಹೇಳಿದ್ದನ್ನೇ ಮಾಡಿದರು. ಅಪ್ಪ ಬಚ್ಚಲಿಗೆ ಗಾರೆ ಹಾಕಿಸಿದರು, ‘ಇದು ಹಸುವಿನ ಕೊಟ್ಟಿಗೆಗೆ ತಂದ ಸಿಮೆಂಟು, ಉಳಿದಿತ್ತು’ ಅಂತ ಹಸುವಿಗೆ ಹೇಳಿದರು. ಚಿಕ್ಕಪ್ಪ ಪೇಂಟು ಕೆರೆಸಿ ಸುಣ್ಣ ಹೊಡೆಸಿದರು, ‘ನಮಗೆ ಹಸಿರು ಬಣ್ಣ ಯಾಕೋ ಆಗಿಬರಲ್ಲ’ ಅಂತ ನಾಯಿಗೆ ಹೇಳಿದರು. ಮಾತು ಮಾತ್ರ ಶುರುವಾಗಲಿಲ್ಲ. ಗೋಡೆಯೂ ಅಷ್ಟು ಬೇಗ ಒಣಗಲಿಲ್ಲ.

ನಿಶ್ಚಿತಾರ್ಥದ ಬೆಳಿಗ್ಗೆ ಅಮ್ಮನೂ ನಾನೂ ಚಿಕ್ಕಪ್ಪನ ಮನೆಯಲ್ಲೇ ಇದ್ದೆವು. ಗಂಡಸರ ಜಗಳ ನಮ್ಮ ಅಡುಗೆಮನೆಯವರೆಗೆ ಬಂದಿರಲಿಲ್ಲ. ಚಿಕ್ಕಮ್ಮ ಹೋಗಿ ಅಪ್ಪನನ್ನು ಕರೆದು ಬಂದಳು. ‘ಭಾವ, ಬನ್ನಿ ಭಾವ’ ಅಂದದ್ದಕ್ಕೆ ಅವರು ಹಸುವಿನ ಕಡೆ ತಿರುಗಿ, ‘ಕರೀಬೇಕಾದೋರು ಕರೆದ್ರೆ ನೋಡೋಣ’ ಅಂದರಂತೆ. ಚಿಕ್ಕಪ್ಪ ಕರೆಯಲು ಹೋಗಲಿಲ್ಲ. ಮಜಾ ಅಂದರೆ ಅಪ್ಪ ಬೆಳಗಾಗುತ್ತಲೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳೀ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡು, ಬರಲ್ಲ ಅಂತ ಹಟ ಹಿಡಿದು ನಮ್ಮ ಹಿತ್ತಲ ಜಗಲಿ ಮೇಲೆ ಕೂತಿದ್ದರು. ಬರದವರಿಗೆ ಶಲ್ಯ ಯಾಕೆ ಬೇಕಿತ್ತೋ ನಾ ಕಾಣೆ.

ಮಾಲೂರಿನ ಬೀಗರು ಬಂದರು. ಹುಡುಗನ ತಂದೆ ಎತ್ತರದ ಆಳು, ಕಡುನೀಲಿ ಜುಬ್ಬ. ನಗು ಕಡಿಮೆ. ಕುಳಿತ ತಕ್ಷಣ, ‘ಹುಡುಗಿ ದೊಡ್ಡಪ್ಪ ಎಲ್ಲಿ?’ ಅಂತ ಕೇಳಿದರು. ಚಿಕ್ಕಪ್ಪ ಗಾಬರಿಯಲ್ಲಿ, ‘ಬರ್ತಾರೆ, ಬಚ್ಚಲಲ್ಲಿದ್ದಾರೆ’ ಅಂದುಬಿಟ್ಟರು. ಹೇಳೋಕೆ ಲೋಕದಲ್ಲಿ ಬೇರೆ ಜಾಗವೇ ಸಿಗಲಿಲ್ಲ ಅವರಿಗೆ. ಕಾಫಿ ಆಯಿತು, ಉಪ್ಪಿಟ್ಟು ಆಯಿತು. ಪುರೋಹಿತರು ಗಡಿಯಾರ ನೋಡಿಕೊಂಡು, ‘ರಾಹುಕಾಲ ಹತ್ತಿರ ಬರ್ತಿದೆ, ಹಿರಿಯರನ್ನ ಕರೆಸಿ’ ಅಂದರು. ಬೀಗರು, ‘ಏನ್ರೀ, ಇಷ್ಟು ಹೊತ್ತು ಸ್ನಾನ?’ ಅನ್ನುತ್ತಾ ಕುರ್ಚಿ ಹಿಂದಕ್ಕೆ ಸರಿಸಿ ಗೋಡೆಗೆ ಒರಗಿದರು.

ಚಿಕ್ಕಮ್ಮ ಚೆಂಡುಹೂವಿನ ಹಾರ ಇಳಿಬಿಟ್ಟು ಮರೆಮಾಡಿದ್ದ ಗೋಡೆ ಅದು. ನನ್ನ ಕೈಯಲ್ಲಿ, ಬೀಗರು ತಂದದ್ದನ್ನು ಜೋಡಿಸಿದ ತಾಂಬೂಲದ ತಟ್ಟೆ ಇತ್ತು. ‘ಅಯ್ಯೋ’ ಅನ್ನುವಷ್ಟರಲ್ಲಿ ಅವರು ಮುಂದಕ್ಕೆ ಬಾಗಿ ಎದ್ದರು. ಕಡುನೀಲಿ ಜುಬ್ಬದ ಬೆನ್ನೆಲ್ಲ ಹಸಿ ಸುಣ್ಣ. ಬೀಗಿತ್ತಿ ‘ಏನ್ರೀ ಇದು, ಬೆನ್ನೆಲ್ಲ!’ ಅಂತ ಕೂಗಿದರು. ಬೀಗರು ಗೋಡೆಗೆ ಅಂಗೈ ಇಟ್ಟು ನೋಡಿ, ‘ಒದ್ದೆ ಇದೆಯಲ್ಲ! ಗೋಡೆ ಗಟ್ಟಿ ಇದೆಯೇನ್ರೀ? ಮನೇನೇ ಹೀಗಿದ್ರೆ…’ ಅಂತ ಮಾತು ಅರ್ಧಕ್ಕೆ ನಿಲ್ಲಿಸಿದರು. ಚಿಕ್ಕಪ್ಪನ ತುಟಿ ಅಲುಗಾಡುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಒಳಗಿನ ಬಾಗಿಲಲ್ಲಿ ತಂಗಿ ರೇಷ್ಮೆ ಸೀರೆಯಲ್ಲಿ ನಿಂತು ಕಣ್ಣು ಮುಚ್ಚಿಕೊಂಡಿದ್ದಳು.

ಆ ಕಡೆ ಜಗಲಿಗೆ ಎಲ್ಲಾ ಕೇಳಿಸುತ್ತಿತ್ತಲ್ಲ. ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು. ಹೊಸಿಲನ್ನು ತುಳಿಯಲಿಲ್ಲ, ದಾಟಿಯೇ ಬಂದರು. ಸೀದಾ ಬೀಗರ ಮುಂದೆ ಹೋಗಿ ಕೈ ಮುಗಿದರು.

‘ಬೀಗರೇ, ಮನೆ ಗಟ್ಟಿಯಾಗಿದೆ. ತಪ್ಪು ನಂದು. ಅದು ನಮ್ಮ ಬಚ್ಚಲ ನೀರು. ಗಾರೆ ಸವೆದು ಹೋಗಿತ್ತು, ನಾನು ನೋಡ್ಕೊಳ್ಳಲಿಲ್ಲ. ನನ್ನ ತಮ್ಮಂದು ಏನೂ ತಪ್ಪಿಲ್ಲ.’

ಚಿಕ್ಕಪ್ಪನಿಗೆ ಆಗ ಮಾತು ಬಂತು. ‘ಇಲ್ಲ ಬೀಗರೇ, ಅಣ್ಣ ಸುಮ್ನೆ ಹೇಳ್ತಿದ್ದಾರೆ. ಬಚ್ಚಲು ಯಾವಾಗಿಂದಲೂ ಇದೆ, ಏನೂ ಆಗಿರಲಿಲ್ಲ. ನಾನು ಶೋಕಿಗೆ ಬಿದ್ದು ಪ್ಲಾಸ್ಟಿಕ್ ಪೇಂಟು ಹೊಡೆಸಿದೆ. ಅದರಿಂದ ಆದದ್ದು.’

‘ಪೇಂಟು ಒಳ್ಳೇದೇ ಬೀಗರೇ, ನೀರು ಇಲ್ದಿದ್ರೆ ಪೇಂಟು ಯಾಕೆ ಏಳುತ್ತೆ?’

‘ನೀರಿದ್ರೇನಂತೆ ಬೀಗರೇ, ಸುಣ್ಣ ಇದ್ದಿದ್ರೆ ಆರಿ ಹೋಗ್ತಿತ್ತು!’

ಊರೆಲ್ಲ ಕೇಳುವ ಹಾಗೆ ತಿಂಗಳುಗಟ್ಟಲೆ ಆಡಿದ್ದ ಜಗಳವನ್ನೇ ಇಬ್ಬರೂ ಅದಲು ಬದಲು ಮಾಡಿಕೊಂಡು ಆಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ, ಹಸು ನಾಯಿಗಳ ಜಾಗದಲ್ಲಿ ಈಗ ಬೀಗರು. ಆ ಮನುಷ್ಯ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಲೆ ತಿರುಗಿಸುತ್ತಾ ಸುಸ್ತಾಗಿ ಹೋದರು. ಕೊನೆಗೆ ಅಪ್ಪ ನನ್ನ ಕಡೆ ಬೆರಳು ತೋರಿಸಿ, ‘ಬೇಕಾದ್ರೆ ನನ್ನ ಮಗಳನ್ನ ಕೇಳಿ. ಅವಳು ಇದರಲ್ಲೇ ಡಾಕ್ಟರು. ಹೇಳಮ್ಮ, ನೀರು ಯಾರದು?’ ಅಂದರು.

ನನ್ನ ಓದು ಗಾಜಿನ ಗೋಡೆ ಅಂತ ಗೊತ್ತಿದ್ದ ಒಬ್ಬರೇ ಒಬ್ಬರು ಆಡಿದ ಮಾತು! ನಾನು ‘ನಂಗೊತ್ತಿಲ್ಲಪ್ಪ’ ಅಂದೆ.

ಬೀಗರು ಇಬ್ಬರನ್ನೂ ನೋಡಿದರು. ‘ಯಾರದಾದ್ರೂ ಆಗ್ಲಿ ಮಾರಾಯ್ರೆ, ಮೊದಲು ಒಂದು ಟವೆಲ್ ಕೊಡಿ’ ಅಂದರು. ಆಮೇಲೆ, ಬಂದಾಗಿನಿಂದ ನಗದಿದ್ದ ಆ ಮುಖ ನಕ್ಕಿತು. ನಗುತ್ತಾ ನಗುತ್ತಾ ಕುರ್ಚಿಯಲ್ಲಿ ಕೂತರು, ಗೋಡೆಯಿಂದ ದೂರ.

ಪುರೋಹಿತರು ಅವಸರ ಮಾಡಿದರು. ನಾನು ತಟ್ಟೆಯನ್ನು ಬೀಗರ ಕೈಗೆ ಕೊಟ್ಟೆ. ಅವರು ಎದ್ದು ನಿಂತು ಅಪ್ಪನ ಕೈಗೆ ಕೊಟ್ಟರು. ಅಪ್ಪ ತೆಗೆದುಕೊಂಡರು, ತೆಗೆದುಕೊಂಡವರು ಹಾಗೇ ನಿಂತರು. ಆಮೇಲೆ, ಯಾರ ಕಡೆಯೂ ನೋಡದೆ, ಆದರೆ ಹಸುವಿಗೂ ಅಲ್ಲ, ಬೀಗರಿಗೂ ಅಲ್ಲ, ‘ಲೇ, ಒಂದು ಕೈ ಹಿಡಿಯೋ ಇಲ್ಲಿ, ಭಾರ ಆಗ್ತಿದೆ’ ಅಂದರು.

ಆ ತಟ್ಟೆ ಜೋಡಿಸಿದ್ದು ನಾನೇ. ಅದರಲ್ಲಿದ್ದದ್ದು ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಚಿಕ್ಕಪ್ಪ ಬಂದು ಎರಡೂ ಕೈಯಲ್ಲಿ ಹಿಡಿದರು.